ಕ್ರಿಯಾಟಿನಿನ್ ನಾರ್ಮಲ್, ಆದರೂ ಕಿಡ್ನಿಗೆ ಪೆಟ್ಟು: ವಾಲ್‌ಪ್ರೊಯೇಟ್ ತಗೊಳ್ಳುವ ಮಕ್ಕಳು

ವರ್ಷಗಟ್ಟಲೆ ವಾಲ್‌ಪ್ರೊಯೇಟ್ ಎಂಬ ಫಿಟ್ಸ್ ಔಷಧಿ ತಗೊಳ್ಳುತ್ತಿರುವ ಮಗು. ಕಿಡ್ನಿ ಹೇಗಿದೆ ನೋಡೋಣ ಅಂತ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸುತ್ತೇವೆ. ನಾರ್ಮಲ್ ಬಂತು ಅಂದರೆ ಫೈಲ್ ಮುಚ್ಚುತ್ತೇವೆ. ಅಷ್ಟಕ್ಕೇ ಮುಚ್ಚಬೇಡಿ.

ಕಿಡ್ನಿಯ ಮೊದಲ ಕೆಲಸ ಸೋಸುವುದು. ದೊಡ್ಡವರಲ್ಲಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ ಇಳಿಯುತ್ತದೆ. ಅಷ್ಟೂ ಮೂತ್ರವಾಗಿ ಹೋದರೆ ಬದುಕೋದು ಹೇಗೆ? ಅದಕ್ಕೇ ಎರಡನೇ ಕೆಲಸ: ಬೇಕಾದ್ದನ್ನು ವಾಪಸ್ ಎಳೆದುಕೊಳ್ಳುವುದು. ಸಕ್ಕರೆ, ಫಾಸ್ಫೇಟ್, ಅಮೈನೊ ಆಮ್ಲ, ಬೈಕಾರ್ಬನೇಟ್, ಇವನ್ನೆಲ್ಲ ಹೆಚ್ಚಾಗಿ ಎಳೆದುಕೊಳ್ಳುವುದು ಪ್ರಾಕ್ಸಿಮಲ್ ಟ್ಯೂಬ್ಯೂಲ್, ಅಂದರೆ ಸೋಸಿದ ದ್ರವ ಮೊದಲು ಹರಿಯುವ ಸಣ್ಣ ಕೊಳವೆ. ಇದಕ್ಕೆ ಶಕ್ತಿ ತುಂಬಾ ಬೇಕು, ಹಾಗಾಗಿ ಅಲ್ಲಿನ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಕಿಕ್ಕಿರಿದಿರುತ್ತವೆ. ವಾಲ್‌ಪ್ರೊಯೇಟ್ ಪೆಟ್ಟು ಕೊಡುವುದು ಈ ಮೈಟೊಕಾಂಡ್ರಿಯಗಳಿಗೆ ಎನ್ನುವುದು ಈಗಿರುವ ವಿವರಣೆ. ಕ್ರಿಯಾಟಿನಿನ್ ಹೇಳುವುದು ಮುಖ್ಯವಾಗಿ ಮೊದಲ ಕೆಲಸದ ಕಥೆ. ಹಾಳಾಗಿರುವುದು ಎರಡನೆಯದು.

ಇದಕ್ಕೆ ಫ್ಯಾಂಕೋನಿ ಸಿಂಡ್ರೋಮ್ ಅಂತ ಹೆಸರು. (ಫ್ಯಾಂಕೋನಿ ಅನೀಮಿಯ ಬೇರೆಯೇ ಕಾಯಿಲೆ. ಎರಡನ್ನೂ ಬೆರೆಸಿಬಿಡಬೇಡಿ.) ಅಪರೂಪದ್ದು ನಿಜ, ಆದರೆ ಸುಳಿವು ಸುಲಭವಾಗಿ ಸಿಗುತ್ತದೆ. ಮೂತ್ರದಲ್ಲಿ ಅದ್ದಿದ ಪಟ್ಟಿಯ ಗ್ಲೂಕೋಸ್ ಚೌಕ ಬಣ್ಣ ತಿರುಗಿದೆ, ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ಬರೀ 92 mg/dL. ಸಾಮಾನ್ಯವಾಗಿ 180 ದಾಟದೆ ಮೂತ್ರಕ್ಕೆ ಸಕ್ಕರೆ ಬರುವುದಿಲ್ಲ ಅಲ್ವಾ? ಅಂದರೆ ಸೋರುತ್ತಿರುವುದು ಟ್ಯೂಬ್ಯೂಲ್. ಕೂಡಲೇ ರಕ್ತದ ಫಾಸ್ಫರಸ್, ಯೂರಿಕ್ ಆಮ್ಲ, ಬೈಕಾರ್ಬನೇಟ್ ನೋಡಿ. ಮೂರೂ ಕಡಿಮೆ ಇರಬಹುದು. ಮೂತ್ರದಲ್ಲಿ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಸಣ್ಣ ಪ್ರೋಟೀನ್ ಏರಿರುತ್ತದೆ.

ಇದು ಜಾಸ್ತಿ ಕಂಡಿರುವುದು ಹಾಸಿಗೆಯಲ್ಲೇ ಇರುವ, ನಳಿಕೆಯಲ್ಲಿ ಊಟ ಹೋಗುವ, ಎರಡು ಮೂರು ಫಿಟ್ಸ್ ಔಷಧಿ ಒಟ್ಟಿಗೆ ತಗೊಳ್ಳುವ ಮಕ್ಕಳಲ್ಲಿ. ಅನೇಕರಲ್ಲಿ ಕಾರ್ನಿಟಿನ್ (ಮೈಟೊಕಾಂಡ್ರಿಯಕ್ಕೆ ಕೊಬ್ಬು ಸಾಗಿಸುವ ವಸ್ತು) ಕೂಡ ಕಡಿಮೆ. ಫಾಸ್ಫೇಟ್ ಸೋರಿ ಸೋರಿ ಮೂಳೆ ಮೆತ್ತಗಾಗುತ್ತದೆ, ಮುರಿಯಲೂಬಹುದು. ನೋವು ಅಂತ ಹೇಳಲು ಆ ಮಗುವಿಗೆ ಮಾತಿಲ್ಲ. "ಬಟ್ಟೆ ಬದಲಿಸುವಾಗ ಕಾಲು ಮುಟ್ಟಿದ್ರೆ ಅಳ್ತಾಳೆ ಡಾಕ್ಟ್ರೇ" ಅಂತ ತಾಯಿ ಹೇಳಿದರೆ, ಸುಮ್ನೆ ವಿಟಮಿನ್ ಡಿ ಬರೆದು ಕಳಿಸಬೇಡಿ.

ಟೊಪಿರಮೇಟ್, ಜೊನಿಸಮೈಡ್ ಎಂಬ ಬೇರೆ ಫಿಟ್ಸ್ ಔಷಧಿಗಳ ದಾರಿ ಬೇರೆ. ಅವು ಕಲ್ಲು ತಡೆಯುವ ಮೂತ್ರದ ಸಿಟ್ರೇಟ್ ಇಳಿಸಿ ಕಿಡ್ನಿ ಕಲ್ಲು ತರಬಲ್ಲವು. ಜೊತೆಗೆ ಕೀಟೋಜೆನಿಕ್ ಆಹಾರವೂ (ಫಿಟ್ಸ್‌ಗೆ ಕೊಡುವ, ಕೊಬ್ಬು ಹೆಚ್ಚು, ಪಿಷ್ಟ ಕಡಿಮೆ ಇರುವ ಊಟ) ಇದ್ದರೆ ಇನ್ನಷ್ಟು ಎಚ್ಚರ ಬೇಕು.

ಫ್ಯಾಂಕೋನಿ ಖಚಿತವಾದರೆ ಮನೆಯವರಿಗೆ ಮೊದಲು ಹೇಳಬೇಕಾದ್ದು: ಗಾಬರಿಯಿಂದ ನೀವೇ ಔಷಧಿ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಫಿಟ್ಸ್ ಬಿಡದೆ ಬಂದು ಜೀವಕ್ಕೇ ಕುತ್ತು. ವೈದ್ಯರು ಬೇರೆ ಔಷಧಿಗೆ ದಾಟಿಸುತ್ತಾರೆ, ಫಾಸ್ಫೇಟ್ ತುಂಬಿಸುತ್ತಾರೆ. ವಾಲ್‌ಪ್ರೊಯೇಟ್ ನಿಂತ ಮೇಲೆ ಹೆಚ್ಚಿನ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ಸೋರಿಕೆ ನಿಲ್ಲುತ್ತದೆ.