ಡಿಲ್ಲಾ ಕ್ವಾಂಟೈಸ್ ಆಫ್ ಮಾಡಿದ್ದೇ ದೊಡ್ಡ ಗುಟ್ಟಾ?

ಪ್ರಶ್ನೆ: ಸರ್, ಜೆ ಡಿಲ್ಲಾನ್ನ ಎಲ್ಲರೂ ಹಾಡಿ ಹೊಗಳ್ತಾರೆ. ನಾನು ‘ಡೋನಟ್ಸ್’ ಕೇಳಿದೆ. ಒಂದೊಂದು ನಿಮಿಷದ ತುಣುಕುಗಳು, ಶುರುವಾಗೋದ್ರೊಳಗೆ ಮುಗಿದೇ ಹೋಗುತ್ತೆ. ಕ್ವಾಂಟೈಸ್ ಆಫ್ ಮಾಡಿ ಬೀಟ್ ಮಾಡ್ತಿದ್ದ ಅನ್ನೋದು ಬಿಟ್ರೆ ಅವನದ್ದು ಅಂಥ ವಿಶೇಷ ಏನು? ಸೋಲೋ ಕೆಲಸ ಎಲ್ಲಿಂದ ಕೇಳಬೇಕು?

ಕೇಳುವವರು ಬೇರೆಬೇರೆ, ಪ್ರಶ್ನೆ ಮಾತ್ರ ಹೆಚ್ಚುಕಮ್ಮಿ ಇದೇ. ಪ್ರತಿ ಸಲ ಎರಡು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಆ ಎರಡು ಸಾಲಿನಿಂದ ಯಾರಿಗೂ ಸಮಾಧಾನವಾದ ಹಾಗೆ ಕಾಣಲಿಲ್ಲ. ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಓದಿ ಅನ್ನುತ್ತೇನೆ. ಹೊಸಬರಿಗೆ ಒಂದು ಮಾತು: ಜೆ ಡಿಲ್ಲಾ ಅಮೆರಿಕದ ಹಿಪ್-ಹಾಪ್ ನಿರ್ಮಾಪಕ, ಅಂದರೆ ರ‍್ಯಾಪಿಗೆ ಬೀಟ್ (ಡ್ರಮ್ಸ್ ಮತ್ತು ಹಿನ್ನೆಲೆ ಸಂಗೀತ) ಮಾಡುತ್ತಿದ್ದವನು. ‘ಡೋನಟ್ಸ್’ ಅವನ ಆಲ್ಬಮ್. ಕ್ವಾಂಟೈಸ್ ಅಂದರೆ ನಾವು ನುಡಿಸಿದ ಪೆಟ್ಟು ಆಚೀಚೆ ಬಿದ್ದರೆ ಮೆಷಿನ್ನೇ ಅದನ್ನು ತಾಳದ ಲೆಕ್ಕಕ್ಕೆ ಸರಿಯಾಗಿ ಕೂರಿಸುವುದು.

ಎಲ್ಲಿಂದ ಕೇಳಬೇಕು ಅನ್ನುವುದು ಸುಲಭ. ‘ಡೋನಟ್ಸ್’ನಿಂದ ಶುರು ಮಾಡಬೇಡಿ. 2001ರ ‘ವೆಲ್‌ಕಮ್ 2 ಡೆಟ್ರಾಯಿಟ್’ ಹಾಕಿ. ಅದರಲ್ಲಿ ಒಂದು ಕಡೆ ಬ್ರೆಜಿಲ್ ಶೈಲಿಯ ಬೋಸಾ ನೋವಾ ಇದೆ, ಇನ್ನೊಂದು ಕಡೆ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಧಾಟಿಯ ಎಲೆಕ್ಟ್ರಾನಿಕ್ ಹಾಡಿದೆ, ಜಾಜ್ ಕಲಾವಿದ ಡೊನಾಲ್ಡ್ ಬರ್ಡ್‌ನ ‘ಥಿಂಕ್ ಟ್ವೈಸ್’ ಅನ್ನು ಹೊಸದಾಗಿ ನುಡಿಸಿ ಹಾಡಿದ್ದಿದೆ. ಹಳೇ ರೆಕಾರ್ಡ್ ಕತ್ತರಿಸಿ ಅಂಟಿಸುವುದಷ್ಟೇ ಇವನಿಗೆ ಗೊತ್ತಿದ್ದದ್ದು ಅನ್ನುವವರ ಬಾಯಿ ಅಲ್ಲಿಗೇ ಮುಚ್ಚುತ್ತದೆ. ಆಮೇಲೆ 2003ರ ‘ರಫ್ ಡ್ರಾಫ್ಟ್’. ಅದೇ ವರ್ಷ ಇನ್ನೊಬ್ಬ ಬೀಟ್ ನಿರ್ಮಾಪಕ ಮ್ಯಾಡ್‌ಲಿಬ್ ಜೊತೆ ಸೇರಿ ಜೇಲಿಬ್ ಹೆಸರಲ್ಲಿ ಮಾಡಿದ ‘ಚಾಂಪಿಯನ್ ಸೌಂಡ್’, ಅಲ್ಲಿ ಇವನ ಬೀಟಿಗೆ ಅವನು ರ‍್ಯಾಪ್ ಮಾಡುತ್ತಾನೆ, ಅವನ ಬೀಟಿಗೆ ಇವನು. (ಆ ಮ್ಯಾಡ್‌ಲಿಬ್ಬೇ 2007ರಲ್ಲಿ ಹಿಂದಿ ಸಿನಿಮಾ ರೆಕಾರ್ಡುಗಳನ್ನು ಅಗೆದು ಒಂದು ಇಡೀ ಇನ್‌ಸ್ಟ್ರುಮೆಂಟಲ್ ಆಲ್ಬಮ್ ಮಾಡಿದ. ನಮ್ಮವರಿಗೆ ಅದರಿಂದ ಒಳಗೆ ಹೋಗುವುದು ಸುಲಭ.) ಇಷ್ಟೆಲ್ಲ ಆದ ಮೇಲೆ ‘ಡೋನಟ್ಸ್’. ಆಗ ಆ ತುಣುಕುಗಳು ತುಣುಕು ಅನ್ನಿಸುವುದಿಲ್ಲ.

ಇನ್ನು ಕ್ವಾಂಟೈಸ್.

ಹೊಟ್ಟೆ ಉರಿಯುವುದು ಇಲ್ಲೇ. ‘ಡಿಲ್ಲಾ ಕ್ವಾಂಟೈಸ್ ಆಫ್ ಮಾಡಿದ’ ಅನ್ನುವ ಮಾತನ್ನು ಅವನ ವಿರೋಧಿಗಳು ಹೇಳಿದ್ದರೆ ಬಿಟ್ಟುಬಿಡಬಹುದಿತ್ತು. ಹೇಳುವವರೆಲ್ಲ ಅಭಿಮಾನಿಗಳೇ. ಹೊಗಳಿಕೆ ಅಂದುಕೊಂಡೇ ಹೇಳುತ್ತಾರೆ: ಮೆಷಿನ್ನಿನ ಶಿಸ್ತನ್ನು ಒದ್ದು, ಬೆರಳು ಹೋದ ಕಡೆ ಹೋದ, ತಪ್ಪಿದ್ದನ್ನು ಹಾಗೇ ಬಿಟ್ಟ, ಅದಕ್ಕೇ ಅಷ್ಟು ಚೆಂದ. ಅಂದರೆ ಒಂದು ಗುಂಡಿ ಒತ್ತಿದ್ದಷ್ಟೇ ಅವನ ಸಾಧನೆ. ಹಾಗಿದ್ದರೆ ನೀವೂ ಒತ್ತಿ ನೋಡಿ. ಮನೆಯಲ್ಲಿ ಲ್ಯಾಪ್‌ಟಾಪ್ ಇದೆ, ಬೀಟ್ ಮಾಡುವ ಸಾಫ್ಟ್‌ವೇರ್ ಎಫ್‌ಎಲ್ ಸ್ಟುಡಿಯೋ ಇದೆ. ಕ್ವಾಂಟೈಸ್ ತೆಗೆದು ನಾಲ್ಕು ಬಾರ್ (ನಾಲ್ಕೆಣಿಕೆಯ ಸುತ್ತು) ನುಡಿಸಿ. ಬರುವುದು ಡಿಲ್ಲಾ ಅಲ್ಲ, ತಾಳ ತಪ್ಪಿದ ಡ್ರಮ್ಸ್. ನನ್ನ ಹತ್ತಿರ ಬೀಟ್ ಕಲಿಯಲು ಬರುವ ಹುಡುಗರೆಲ್ಲ ಮೊದಲ ವಾರ ಇದನ್ನು ಮಾಡಿ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ.

ಡಿಲ್ಲಾನ ಹೆಸರಿನ ಜೊತೆ ಅಂಟಿಕೊಂಡ ಯಂತ್ರ ಅಕಾಯ್ ಎಂಪಿಸಿ 3000 ಅನ್ನುವ ಡ್ರಮ್ ಮೆಷಿನ್. ಅದು ಒಂದು ಬೀಟನ್ನು, ಅಂದರೆ ನಾಲ್ಕರ ಲೆಕ್ಕದಲ್ಲಿ ಒಂದು ಎಣಿಕೆಯನ್ನು, 96 ಭಾಗ ಮಾಡುತ್ತದೆ. ಒಂದೊಂದು ಭಾಗಕ್ಕೆ ಟಿಕ್ ಅನ್ನುತ್ತಾರೆ. ನಿಮಿಷಕ್ಕೆ 90 ಬೀಟಿನ ವೇಗ ಇಟ್ಟುಕೊಂಡರೆ ಒಂದು ಟಿಕ್ ಸುಮಾರು 7 ಮಿಲಿಸೆಕೆಂಡ್. ಕ್ವಾಂಟೈಸ್‌ಗೆ ಆ ಯಂತ್ರದಲ್ಲಿ ಟೈಮಿಂಗ್ ಕರೆಕ್ಟ್ ಅಂತ ಹೆಸರು. ಅದು ಬರೀ ಆನ್-ಆಫ್ ಗುಂಡಿಯಲ್ಲ, ಒಳಗೆ ಇನ್ನೂ ಎರಡು ಸೌಲಭ್ಯ ಇದೆ. ಒಂದು ಸ್ವಿಂಗ್. ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ಎಷ್ಟು ತಡ ಮಾಡಬೇಕು ಅನ್ನುವುದನ್ನು ಶೇಕಡಾ ಲೆಕ್ಕದಲ್ಲಿ ಕೊಡಬಹುದು: 50 ಅಂದರೆ ನೇರ, 66 ಅಂದರೆ ಹೆಚ್ಚುಕಮ್ಮಿ ತಿಶ್ರ, ಮೂರರ ನಡೆ. ಇನ್ನೊಂದು ಶಿಫ್ಟ್ ಟೈಮಿಂಗ್. ಒಂದು ವಾದ್ಯದ ಪೆಟ್ಟುಗಳನ್ನೆಲ್ಲ ಒಟ್ಟಿಗೆ ಇಂತಿಷ್ಟು ಟಿಕ್ ಮುಂದಕ್ಕೋ ಹಿಂದಕ್ಕೋ ಸರಿಸುವುದು. ಇದನ್ನೆಲ್ಲ ಪ್ರತಿ ವಾದ್ಯಕ್ಕೂ ಬೇರೆಬೇರೆಯಾಗಿ ಇಡಬಹುದು. ಸ್ವಿಂಗ್ ಬೇರೆ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ, ತೊಂಬತ್ತರ ದಶಕದ ನ್ಯೂಯಾರ್ಕ್ ಬೀಟುಗಳಲ್ಲಿ ಬೇಕಾದಷ್ಟಿದೆ. ಆದರೆ ಅವರು ಇಡೀ ಡ್ರಮ್ಸ್‌ಗೆ ಒಂದೇ ಸ್ವಿಂಗ್ ಹಾಕುತ್ತಿದ್ದರು. ಡಿಲ್ಲಾ ಹೈ-ಹ್ಯಾಟನ್ನು (ಜೋಡಿ ಲೋಹದ ತಟ್ಟೆ) ನೇರ ಬಿಟ್ಟು ಕಿಕ್ಕಿಗೆ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಸ್ವಿಂಗ್ ಕೊಟ್ಟ, ಕೆಲವು ಕಡೆ ಉಲ್ಟಾ ಮಾಡಿದ, ಅದರ ಮೇಲೆ ಸ್ನೇರನ್ನು (ಚಟ್ ಅನ್ನುವ ಡ್ರಮ್) ಕೂದಲೆಳೆಯಷ್ಟು ಬೇಗ ಬರುವಂತೆ ಸರಿಸಿದ.

ಮೃದಂಗ ಕಲಿತವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಒಂದು ಕೈ ಚತುರಶ್ರ ಗತಿಯಲ್ಲಿ, ಅಂದರೆ ನಾಲ್ಕರ ನಡೆಯಲ್ಲಿ, ಇನ್ನೊಂದು ಕೈ ತಿಶ್ರದಲ್ಲಿ ಹೋಗುತ್ತಿದೆ, ಯಾವುದೂ ಇನ್ನೊಂದಕ್ಕೆ ಸೋಲುತ್ತಿಲ್ಲ ಅಂದುಕೊಳ್ಳಿ. ಕಿವಿ ಎರಡರ ನಡುವೆ ಒಂದನ್ನು ಆರಿಸಲಾಗದೆ ತೂಗಾಡುತ್ತದೆ. ಆ ತೂಗಾಟವನ್ನೇ ಜನ ಕುಡಿದ ಡ್ರಮ್ಮರ್, ಸೋಮಾರಿ ಬೀಟ್ ಅಂತೆಲ್ಲ ಕರೆದದ್ದು.

ಸ್ನೇರ್ ವಿಷಯ ಇನ್ನೂ ಸೂಕ್ಷ್ಮ. ನಾವೆಲ್ಲ ಕಿಕ್ ತಡವಾಗಿ ಬರುತ್ತಿದೆ ಅಂದುಕೊಂಡೇ ಕೇಳುತ್ತೇವೆ. ಎಷ್ಟೋ ಬೀಟುಗಳಲ್ಲಿ ಕಿಕ್ ಎಲ್ಲಿರಬೇಕೋ ಅಲ್ಲೇ ಇದೆ. ಸ್ನೇರ್ ಮೂರು ನಾಲ್ಕು ಟಿಕ್ ಮುಂಚೆ ಬಂದು ಕಿವಿಗೆ ತಪ್ಪು ಲೆಕ್ಕ ಕೊಟ್ಟಿರುತ್ತದೆ, ಅದರ ಮುಂದೆ ಮಿಕ್ಕದ್ದೆಲ್ಲ ತಡ ಅನ್ನಿಸುತ್ತದೆ. ನಂಬಿಕೆ ಬರದಿದ್ದರೆ ಏಬಲ್‌ಟನ್ ಸಾಫ್ಟ್‌ವೇರಿನಲ್ಲಿ ಸ್ನೇರ್ ಟ್ರ್ಯಾಕಿನ ಡಿಲೇ ಜಾಗದಲ್ಲಿ ಮೈನಸ್ 20 ಮಿಲಿಸೆಕೆಂಡ್ ಹಾಕಿ. ಬೇರೆ ಏನನ್ನೂ ಮುಟ್ಟಬೇಡಿ. ಎರಡು ಬಾರ್ ಆಗುವುದರೊಳಗೆ ತಲೆ ತಾನಾಗಿ ಆಡತೊಡಗುತ್ತದೆ. ನನ್ನ ಹುಡುಗರ ಮುಖ ಸರಿಹೋಗುವುದು ಈ ಹಂತದಲ್ಲಿ. ಅವರಿಗಿಂತ ಖುಷಿ ನನಗೆ, ಅದು ಬೇರೆ ಮಾತು.

ಸಾಫ್ಟ್‌ವೇರ್ ಇಲ್ಲದವರು ಬರೀ ಕಿವಿಯಿಂದಲೂ ಪರೀಕ್ಷೆ ಮಾಡಬಹುದು. ಡಿಲ್ಲಾ ಇದ್ದ ಸ್ಲಮ್ ವಿಲೇಜ್ ತಂಡದ ‘ಫೆಂಟಾಸ್ಟಿಕ್, ವಾಲ್ಯೂಮ್ 2’ ಆಲ್ಬಮ್ಮಿನ ಯಾವುದಾದರೂ ಹಾಡು ತೆಗೆದುಕೊಳ್ಳಿ. ಎಡವಿದ ಹಾಗೆ ಕೇಳುವ ಒಂದು ಪೆಟ್ಟನ್ನು ಗುರುತು ಹಿಡಿಯಿರಿ. ಲೂಪ್ ಒಂದು ಸುತ್ತು ಮುಗಿಸಿ ಬಂದಾಗ ಅದೇ ಪೆಟ್ಟು ಅದೇ ಜಾಗದಲ್ಲಿ, ಅಷ್ಟೇ ಎಡವುತ್ತದೆ. ಮೂರನೇ ಸುತ್ತಿನಲ್ಲೂ ಅಷ್ಟೇ. ಕೈತಪ್ಪಿದ್ದರೂ ಅದನ್ನು ಕೇಳಿ, ಒಪ್ಪಿ, ಇರಲಿ ಅಂದವನು ಒಬ್ಬನಿದ್ದಾನೆ. ಬೆರಳಲ್ಲಿ ನುಡಿಸಿ ತಿದ್ದದೆ ಬಿಟ್ಟದ್ದು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಕಿಕ್ಕಿನಲ್ಲಿ ಇದೆ. ಆದರೆ ಪಕ್ಕದಲ್ಲಿ ಇನ್ನೊಂದು ವಾದ್ಯ ಗ್ರಿಡ್ಡಿಗೆ, ಅಂದರೆ ಮೆಷಿನ್ನಿನ ನೇರ ಲೆಕ್ಕಕ್ಕೆ, ಅಂಟಿಕೊಂಡು ನಿಂತಿರುವುದರಿಂದಲೇ ಆ ಸಡಿಲ ಸಡಿಲ ಅನ್ನಿಸುವುದು. ಎಲ್ಲವೂ ಸಡಿಲವಾದರೆ ಸಡಿಲ ಕೇಳಿಸುವುದೇ ಇಲ್ಲ. ಈ ಒಂದು ವಾಕ್ಯ ತಲೆಯಲ್ಲಿ ಉಳಿದರೆ ಸಾಕು, ಮಿಕ್ಕಿದ್ದು ಮರೆತರೂ ಚಿಂತೆ ಇಲ್ಲ.

ಈ ಕ್ವಾಂಟೈಸ್ ಆಫ್ ಕಥೆ ಹುಟ್ಟಿದ್ದರಲ್ಲಿ ದ ರೂಟ್ಸ್ ತಂಡದ ಡ್ರಮ್ಮರ್ ಕ್ವೆಸ್ಟ್‌ಲವ್ ಪಾಲೂ ಇದೆ. ಫಾರ್‌ಸೈಡ್ ತಂಡದ ಕಾರ್ಯಕ್ರಮವೊಂದರಲ್ಲಿ ಡಿಲ್ಲಾನ ಬೀಟು ಕೇಳಿಸಿ, ಕಿಕ್ ಎಲ್ಲೆಲ್ಲೋ ಬೀಳುತ್ತಿದ್ದದ್ದಕ್ಕೆ ದಂಗಾದೆ ಅಂತ ಅವನು ಬೇಕಾದಷ್ಟು ಸಂದರ್ಶನಗಳಲ್ಲಿ ಹೇಳಿದ್ದಾನೆ. ಕೇಳಿದವರು ‘ಎಲ್ಲೆಲ್ಲೋ’ ಅನ್ನುವುದನ್ನು ಹಿಡಿದುಕೊಂಡರು. ಮುಂದೆ ಗಾಯಕ ಡಿ’ಆಂಜೆಲೋ 2000ದಲ್ಲಿ ತಂದ ‘ವೂಡೂ’ಗೆ ಅದೇ ಕ್ವೆಸ್ಟ್‌ಲವ್ ಡ್ರಮ್ಸ್ ನುಡಿಸಿದಾಗ, ವರ್ಷಗಟ್ಟಲೆ ಕಲಿತ ಮೆಟ್ರೋನೋಮ್ ಲೆಕ್ಕವನ್ನು ಬಿಟ್ಟು ಆ ಜಗ್ಗಾಟವನ್ನು ಅಭ್ಯಾಸ ಮಾಡಿಯೇ ನುಡಿಸಬೇಕಾಯಿತು. ಬರೀ ತಪ್ಪಾಗಿದ್ದರೆ ಅಭ್ಯಾಸ ಯಾಕೆ ಬೇಕಿತ್ತು ಹೇಳಿ? ವಿಶೇಷ ಏನು ಅಂತ ಕೇಳಿದಿರಲ್ಲ, ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ. ಡ್ರಮ್ ಮೆಷಿನ್ನು ಮನುಷ್ಯನ ಹಾಗೆ ನುಡಿಯಲಿ ಅಂತ ಎಲ್ಲರೂ ಒದ್ದಾಡುತ್ತಿದ್ದಾಗ, ಇವನ ಮೆಷಿನ್ನಿನ ಹಾಗೆ ನುಡಿಸಲು ಮನುಷ್ಯರು ಒದ್ದಾಡಿದರು. ಡ್ರಮ್ಮರ್‌ಗಳಾದ ಕ್ರಿಸ್ ಡೇವ್, ಕರೀಮ್ ರಿಗಿನ್ಸ್ ನುಡಿಸುವುದನ್ನು ಕೇಳಿ. ಪಿಯಾನೋದಲ್ಲಿ ರಾಬರ್ಟ್ ಗ್ಲಾಸ್ಪರ್ ಡಿಲ್ಲಾನ ಬೀಟುಗಳನ್ನೇ ಜಾಜ್ ಟ್ರಯೋಗೆ ಹೊಂದಿಸಿ 2007ರಲ್ಲಿ ರೆಕಾರ್ಡ್ ಮಾಡಿದ. ಓದುವಾಗ ಹಾಕಿಕೊಳ್ಳುವ ಲೋ-ಫೈ ಬೀಟುಗಳ ಮೂಲವನ್ನು ಇವನ ಜೊತೆ ಜಪಾನಿನ ನುಜಾಬೆಸ್‌ಗೂ ಕೊಡುತ್ತಾರೆ. ಇಬ್ಬರೂ ಹುಟ್ಟಿದ್ದು ಒಂದೇ ದಿನ, 1974ರ ಫೆಬ್ರವರಿ 7. ಇದರಲ್ಲಿ ಅರ್ಥ ಹುಡುಕಬೇಡಿ, ಹೇಳದೆ ಇರಲು ಆಗಲಿಲ್ಲ ಅಷ್ಟೆ.

ಆಸ್ಪತ್ರೆ ಕಥೆಯನ್ನೂ ಬೇಗ ಮುಗಿಸಿಬಿಡುತ್ತೇನೆ. ‘ಡೋನಟ್ಸ್’ ಬಂದದ್ದು 2006ರ ಫೆಬ್ರವರಿ 7ಕ್ಕೆ, ಅವನ 32ನೇ ಹುಟ್ಟುಹಬ್ಬದ ದಿನ. ಮೂರು ದಿನಕ್ಕೆ ತೀರಿಕೊಂಡ. ಟಿಟಿಪಿ ಅನ್ನುವ ಅಪರೂಪದ ರಕ್ತದ ಕಾಯಿಲೆ, ಜೊತೆಗೆ ಲೂಪಸ್. ಹಾಗಾಗಿ 31 ಟ್ರ್ಯಾಕಿನಲ್ಲಿ ಎರಡು ಬಿಟ್ಟು ಎಲ್ಲವನ್ನೂ ಆಸ್ಪತ್ರೆ ಹಾಸಿಗೆಯ ಮೇಲೇ ಮಾಡಿದ ಅನ್ನುವ ಕಥೆ ಬೆಳೆಯಿತು. 2022ರಲ್ಲಿ ಅವನ ಜೀವನಚರಿತ್ರೆ ಬರೆದ ಡ್ಯಾನ್ ಚಾರ್ನಾಸ್ ಇದನ್ನು ಕೆದಕಿ ನೋಡಿದ್ದಾರೆ: ಬಹುಪಾಲು ಬೀಟುಗಳು ಮನೆಯಲ್ಲೇ, ಮುಂಚೆಯೇ ಆಗಿದ್ದವು. ಅದನ್ನು ಆಲ್ಬಮ್ಮಿನ ಉದ್ದಕ್ಕೆ ಎಳೆದು ಜೋಡಿಸುವುದರಲ್ಲಿ ಸ್ಟೋನ್ಸ್ ಥ್ರೋ ಕಂಪನಿಯ ಜೆಫ್ ಜ್ಯಾಂಕ್ ಕೈಯೂ ಇತ್ತು. ಆಸ್ಪತ್ರೆಯಲ್ಲಿ ಅವನು ಕೆಲಸ ಮಾಡಿದ್ದು ಹೌದು, ಆಲ್ಬಮ್ ಪೂರ್ತಿ ಅಲ್ಲಿ ಹುಟ್ಟಿದ್ದಲ್ಲ. ಸಾವಿನ ನೆರಳು ಇಲ್ಲದೆಯೂ ಆ ಆಲ್ಬಮ್ ನಿಲ್ಲುತ್ತದೆ. ಮೊದಲ ಟ್ರ್ಯಾಕಿಗೆ ‘ಔಟ್ರೋ’ ಅಂತ ಹೆಸರಿಟ್ಟು, ಕೊನೆಯದು ಮುಗಿದ ಜಾಗದಿಂದ ಮೊದಲನೆಯದು ಶುರುವಾಗುವ ಹಾಗೆ ಕೂರಿಸಿದ್ದನ್ನು ಗಮನಿಸಿ. ರಿಪೀಟ್ ಹಾಕಿ ಕೇಳಿ.

ನೀವು ಕೇಳಲಿಲ್ಲ, ಆದರೂ ಒಂದು ವಿಷಯ ಹೇಳಬೇಕು. ಇಷ್ಟು ಕೆಲಸ ಮಾಡಿದವನ ಹೆಸರು ಬದುಕಿದ್ದಾಗ ಯಾಕೆ ಹೊರಗೆ ಅಷ್ಟು ಕೇಳಿಸಲಿಲ್ಲ? ಡೆಟ್ರಾಯಿಟ್‌ನಲ್ಲಿ ಅವನಿಗೆ ಎಂಪಿಸಿ ಕಲಿಸಿದ ಆಂಪ್ ಫಿಡ್ಲರ್ 1994ರಲ್ಲಿ ಅವನನ್ನು ರ‍್ಯಾಪರ್ ಕ್ಯೂ-ಟಿಪ್‌ಗೆ ಪರಿಚಯ ಮಾಡಿಸಿದ. ಅಲ್ಲಿಂದ ಕ್ಯೂ-ಟಿಪ್, ಅಲಿ ಶಹೀದ್ ಮುಹಮ್ಮದ್, ಡಿಲ್ಲಾ ಮೂವರೂ ‘ದಿ ಉಮ್ಮಾ’ ಹೆಸರಲ್ಲಿ ಬೀಟ್ ಮಾಡತೊಡಗಿದರು. ಕ್ರೆಡಿಟ್ ಮೂವರದ್ದೂ ಒಟ್ಟಿಗೆ, ಯಾವುದು ಯಾರದ್ದು ಅಂತ ಕವರ್ ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಆಗ ಅವನು ಜೇ ಡೀ. ಅಟ್ಲಾಂಟಾದಲ್ಲಿ ಇನ್ನೊಬ್ಬ ನಿರ್ಮಾಪಕ ಜರ್ಮೇನ್ ಡುಪ್ರಿಯನ್ನೂ ಜೆಡಿ ಅಂತಲೇ ಕರೆಯುತ್ತಿದ್ದರಿಂದ ಆ ಹೆಸರೂ ಪೂರ್ತಿ ಇವನದ್ದಾಗಿ ಉಳಿಯಲಿಲ್ಲ. ಮೊದಲ ಸೋಲೋ ಆಲ್ಬಮ್ಮಿನ ಮೇಲೆ ಜೇ ಡೀ, ಜೆ ಡಿಲ್ಲಾ ಎರಡೂ ಹೆಸರು ಇರುವುದು ಅದಕ್ಕೇ. ಸೋಲೋ ಅನ್ನುವುದು ಅವನ ಮಟ್ಟಿಗೆ ಹಾಡಿನ ವಿಷಯ ಎಷ್ಟೋ, ಹೆಸರಿನ ವಿಷಯವೂ ಅಷ್ಟೇ ಆಗಿತ್ತು ಅನ್ನುವುದು ನನ್ನ ಲೆಕ್ಕ. ತಮಾಷೆ ಅಂದರೆ, ರ‍್ಯಾಪರ್ ಆಗಿ ಎಂಸಿಎ ಕಂಪನಿಗೆ ಮಾಡಿಕೊಟ್ಟ ಆಲ್ಬಮ್ಮಿನಲ್ಲಿ ಪೀಟ್ ರಾಕ್, ಮ್ಯಾಡ್‌ಲಿಬ್ ಮುಂತಾದ ಬೇರೆಯವರ ಬೀಟುಗಳನ್ನೂ ಸೇರಿಸಿಕೊಂಡು ಹಾಡಿದ. ಕಂಪನಿ ಅದನ್ನು ಅಟ್ಟಕ್ಕೆ ಹಾಕಿತು. ‘ದಿ ಡೈರಿ’ ಅಂತ ಅದು ಹೊರಬಂದದ್ದು 2016ರಲ್ಲಿ, ಅವನು ಹೋಗಿ ಹತ್ತು ವರ್ಷದ ಮೇಲೆ.

ಈ ಕ್ರೆಡಿಟ್ ಜಗಳದಲ್ಲಿ ಅಭಿಮಾನಿಗಳು ಇನ್ನೂ ಬಿಡದೆ ಹಿಡಿದಿರುವುದು ಜಾನೆಟ್ ಜಾಕ್ಸನ್‌ಳ 1997ರ ‘ಗಾಟ್ ಟಿಲ್ ಇಟ್ಸ್ ಗಾನ್’ ಹಾಡು. ಕವರ್ ಮೇಲೆ ನಿರ್ಮಾಪಕರಾಗಿ ಜಾನೆಟ್ ಜೊತೆ ಜಿಮ್ಮಿ ಜ್ಯಾಮ್ ಮತ್ತು ಟೆರ್ರಿ ಲೂಯಿಸ್ ಹೆಸರಿದೆ, ಇವನದ್ದಿಲ್ಲ. ಬೀಟ್ ಕೇಳಿದವರು ಇದು ಜೇ ಡೀಯದ್ದೇ ಅನ್ನುತ್ತಾರೆ, ಆ ಕಡೆಯವರು ಅಲ್ಲ ಅನ್ನುತ್ತಾರೆ. ನೀವೇ ಕೇಳಿ ತೀರ್ಮಾನಿಸಿ. ಆ ಹಾಡಿಗೆ ಅವನು ಮಾಡಿದ ರೀಮಿಕ್ಸೂ ಸಿಗುತ್ತದೆ, ಅದನ್ನೂ ಪಕ್ಕದಲ್ಲಿಟ್ಟು ಕೇಳಿ. ಅದಕ್ಕಿರುವ ಹೆಸರು ‘ಉಮ್ಮಾ ಜೇ ಡೀಸ್ ರಿವೆಂಜ್ ಮಿಕ್ಸ್’.