ಶಾಲೆಯ ಚಾವಣಿ ರಿಪೇರಿಗೂ ಓಟು ಹಾಕಬೇಕು: ಕ್ಯಾಲಿಫೋರ್ನಿಯಾದ ಬಾಂಡ್ ಕಥೆ

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡವರಿಗೆ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಆಸ್ತಿ ತೆರಿಗೆಯ ಬಿಲ್ ಬರುತ್ತದೆ. ಅರ್ಧ ಡಿಸೆಂಬರ್ 10ರೊಳಗೆ, ಇನ್ನರ್ಧ ಏಪ್ರಿಲ್ 10ರೊಳಗೆ ಕಟ್ಟಬೇಕು. ಮುಖ್ಯ ಲೆಕ್ಕ ಸರಳ: ಮನೆಯ ಮೌಲ್ಯದ ಶೇ 1. ಅದರ ಕೆಳಗೆ ಸ್ಕೂಲ್ ಡಿಸ್ಟ್ರಿಕ್ಟ್ ಬಾಂಡ್, ಕಮ್ಯುನಿಟಿ ಕಾಲೇಜ್ ಬಾಂಡ್ ಎಂದು ಇನ್ನಷ್ಟು ಸಾಲುಗಳು, ಒಂದೊಂದಕ್ಕೂ ಒಂದು ಪುಟ್ಟ ದರ. ಫ್ರೀಮಾಂಟ್, ಸನಿವೇಲ್ ಕಡೆ ಹೊಸದಾಗಿ ಮನೆ ಕೊಂಡ ಕನ್ನಡದವರು "ಶೇ 1 ಅಂದಿದ್ರಲ್ಲ, ಇದೇನು ಜಾಸ್ತಿ?" ಎಂದು ತಲೆ ಕೆರೆದುಕೊಳ್ಳುವುದು ಇಲ್ಲೇ.

ಆ ಸಾಲುಗಳನ್ನು ಸೇರಿಸಿದ್ದು ಅಲ್ಲಿನ ಮತದಾರರೇ. ಅಮೆರಿಕದಲ್ಲಿ ಸರ್ಕಾರಿ ಶಾಲೆ ನಡೆಸುವುದು ಸ್ಥಳೀಯ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಶಾಲೆಗಳಿಗೆಂದೇ ಇರುವ ಆಡಳಿತ ಘಟಕ. ಚಾವಣಿ ಸೋರಿದರೆ, ವೈರಿಂಗ್ ಹಳೆಯದಾದರೆ ಅದು ಬಾಂಡ್ ಮಾರಿ ಸಾಲ ಎತ್ತುತ್ತದೆ. ಸಾಲ ತೀರಲು ಇಪ್ಪತ್ತೈದು, ಮೂವತ್ತು ವರ್ಷ ಬೇಕು. ಕಂತು ಬರುವುದು ಊರಿನ ಮನೆಗಳ ತೆರಿಗೆಯಿಂದ. ಹಾಗಾಗಿ ಊರಿನವರನ್ನು ಕೇಳಲೇಬೇಕು. ಕ್ಯಾಲಿಫೋರ್ನಿಯಾದ 1879ರ ಸಂವಿಧಾನ ಇದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕೆಂದು ಬರೆದಿಟ್ಟಿತು.

ಕಟ್ಟಡದ ಖರ್ಚು ಏರಿದ್ದಕ್ಕೆ ಒಂದು ಭೂಕಂಪವೂ ಕಾರಣ. 1933ರ ಮಾರ್ಚ್ 10, ಸಂಜೆ 5.54ಕ್ಕೆ ಲಾಂಗ್ ಬೀಚ್ ಸುತ್ತಮುತ್ತ ನೆಲ ನಡುಗಿತು. ಇಟ್ಟಿಗೆಯ ಶಾಲೆಗಳು ಸಾಲುಸಾಲಾಗಿ ಕುಸಿದವು. ಮಕ್ಕಳು ಆಗಲೇ ಮನೆಗೆ ಹೋಗಿದ್ದರು. ಇದೇ ಶಾಲೆಯ ಹೊತ್ತಿನಲ್ಲಿ ಆಗಿದ್ದರೆ ಏನು ಗತಿ ಎಂದು ಜನ ಬೆಚ್ಚಿಬಿದ್ದರು. ಒಂದೇ ತಿಂಗಳಲ್ಲಿ ಫೀಲ್ಡ್ ಆಕ್ಟ್ ಬಂತು. ಅಲ್ಲಿಂದ ಮುಂದೆ ಸರ್ಕಾರಿ ಶಾಲೆಯ ಪ್ಲಾನನ್ನು ರಾಜ್ಯವೇ ತಪಾಸಣೆ ಮಾಡಬೇಕಾಯಿತು. ಕಟ್ಟಡ ಗಟ್ಟಿಯಾಯಿತು, ಬೆಲೆಯೂ ಏರಿತು.

ನಿಜವಾದ ತಿರುವು 1978ರ ಜೂನ್‌ನದು. ಮನೆಗಳ ಬೆಲೆ ಗಗನಕ್ಕೇರಿ, ತೆರಿಗೆಯೂ ಅದರ ಹಿಂದೆಯೇ ಓಡುತ್ತಿತ್ತು. ಪಿಂಚಣಿಯಲ್ಲಿ ಬದುಕುವ ಹಿರಿಯರು ಮನೆ ಕಳೆದುಕೊಳ್ಳುವ ಭಯದಲ್ಲಿದ್ದರು. ಆ ಸಿಟ್ಟನ್ನು ತೆರಿಗೆ ವಿರೋಧಿ ಹೋರಾಟಗಾರರಾದ ಹವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಪ್ರೊಪೊಸಿಷನ್ 13 (ಪ್ರೊಪೊಸಿಷನ್ ಅಂದರೆ ರಾಜ್ಯದ ಜನರೇ ಓಟು ಹಾಕಿ ತೀರ್ಮಾನಿಸುವ ಪ್ರಸ್ತಾಪ) ಆಗಿ ಮತಪತ್ರಕ್ಕೆ ತಂದರು. ಸುಮಾರು ಶೇ 65 ಜನ ಹೂಂ ಎಂದರು. ತೆರಿಗೆ ಶೇ 1ಕ್ಕೆ ನಿಂತಿತು. ಮನೆ ಮಾರಾಟವಾಗುವವರೆಗೆ ತೆರಿಗೆ ಲೆಕ್ಕದ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವಂತಿಲ್ಲ.

ಇದರಿಂದ ಬಾಂಡ್‌ನ ದಾರಿಯೇ ಮುಚ್ಚಿತು. ಹೊಸ ಸಾಲಕ್ಕೆ ಶೇ 1ರ ಮೇಲೆ ತೆರಿಗೆ ಹಾಕಲು ಅವಕಾಶವೇ ಉಳಿಯಲಿಲ್ಲ. 1986ರಲ್ಲಿ ಪ್ರೊಪೊಸಿಷನ್ 46 ಆ ಬಾಗಿಲು ತೆರೆಯಿತು, ಆದರೆ ಮತ್ತದೇ ಮೂರರಲ್ಲಿ ಎರಡರ ಷರತ್ತು. ಊರಿನ ಶೇ 64 ಜನ ಒಪ್ಪಿದರೂ ಸೋಲು! ಮಕ್ಕಳು ಹೆಚ್ಚುತ್ತಲೇ ಇದ್ದರು. 1996ರಲ್ಲಿ ಚಿಕ್ಕ ಮಕ್ಕಳ ಕ್ಲಾಸುಗಳಲ್ಲಿ ತಲಾ 20 ಮಕ್ಕಳು ಸಾಕು ಎಂದು ರಾಜ್ಯ ದುಡ್ಡು ಕೊಡತೊಡಗಿದಾಗ ಕೋಣೆಗಳೇ ಸಾಲದಾದವು. ಆಟದ ಮೈದಾನದಲ್ಲಿ ತಾತ್ಕಾಲಿಕವೆಂದು ತಂದಿಟ್ಟ ಪೋರ್ಟಬಲ್ ಕೋಣೆಗಳು ಎಷ್ಟೋ ಕಡೆ ಅಲ್ಲೇ ಖಾಯಂ ಆದವು.

2000ದ ಮಾರ್ಚ್‌ನಲ್ಲಿ ಬರೀ ಬಹುಮತ ಸಾಕು ಎಂಬ ಪ್ರಸ್ತಾಪ ಸೋತಿತು. ನವೆಂಬರ್‌ನಲ್ಲಿ ಶೇ 55 ಸಾಕು ಎಂಬ ಪ್ರೊಪೊಸಿಷನ್ 39 ಗೆದ್ದಿತು. ಷರತ್ತುಗಳಿದ್ದವು: ಯಾವ ಕೆಲಸ ಎಂಬ ಪಟ್ಟಿ ಮೊದಲೇ ಕೊಡಬೇಕು, ಪ್ರತಿ ವರ್ಷ ಆಡಿಟ್ ಆಗಬೇಕು, ನಾಗರಿಕರ ಸಮಿತಿ ಕಣ್ಣಿಡಬೇಕು, ಸಂಬಳಕ್ಕೆ ಒಂದು ಪೈಸೆಯೂ ಹೋಗಬಾರದು. ಅಂದಾಜು ತೆರಿಗೆಗೂ ಮಿತಿ ಬಂತು. ಎಲ್ಲ ತರಗತಿಗಳಿರುವ ಯೂನಿಫೈಡ್ ಡಿಸ್ಟ್ರಿಕ್ಟ್ ಆದರೆ, ಒಂದು ಚುನಾವಣೆಯ ಬಾಂಡಿಗೆ, ಆಸ್ತಿಯ ಪ್ರತಿ 1 ಲಕ್ಷ ಡಾಲರ್ ಮೌಲ್ಯಕ್ಕೆ ವರ್ಷಕ್ಕೆ 60 ಡಾಲರ್. ಆಮೇಲೆ ಬಾಂಡ್‌ಗಳು ಸಲೀಸಾಗಿ ಗೆಲ್ಲತೊಡಗಿದವು.

ಸಲೀಸಾದದ್ದಕ್ಕೆ ಅಪಾಯವೂ ಅಂಟಿಕೊಂಡಿತ್ತು. ಸ್ಯಾನ್ ಡಿಯೇಗೊ ಬಳಿಯ ಪೋವೆ ಡಿಸ್ಟ್ರಿಕ್ಟ್ ತೆರಿಗೆ ದರ ಏರಿಸುವುದಿಲ್ಲ ಎಂದು ಮಾತು ಕೊಟ್ಟಿತ್ತು. ಆ ಮಾತು ಉಳಿಸಿಕೊಳ್ಳಲು 2011ರಲ್ಲಿ ಇಪ್ಪತ್ತು ವರ್ಷ ಒಂದು ಕಂತೂ ಕಟ್ಟಬೇಕಿಲ್ಲದ ಬಾಂಡ್ ಮಾರಿತು. ಪಡೆದದ್ದು 10.5 ಕೋಟಿ ಡಾಲರ್, ತೀರಿಸಬೇಕಾದದ್ದು ಸುಮಾರು 98 ಕೋಟಿ! ಇಂದಿನವರು ರಿಬ್ಬನ್ ಕತ್ತರಿಸುವುದು, ಬಿಲ್ ಇನ್ನೊಂದು ತಲೆಮಾರಿಗೆ. ಸುದ್ದಿಯಾದ ಮೇಲೆ, 2013ರಲ್ಲಿ, ಇಂಥ ಬಾಂಡ್‌ಗಳಿಗೆ ಅಸಲಿನ ನಾಲ್ಕು ಪಟ್ಟಿಗಿಂತ ಹೆಚ್ಚು ತೀರಿಸುವಂತಿಲ್ಲ, 25 ವರ್ಷ ದಾಟುವಂತಿಲ್ಲ ಎಂದು ಕಾನೂನು ಬಂತು.

ನನ್ನನ್ನು ಕೇಳಿದರೆ, ಇದಕ್ಕಿಂತ ದೊಡ್ಡ ಸಮಸ್ಯೆ ಬೇರೆ ಇದೆ. ಬಾಂಡ್ ದರವೂ ಬೀಳುವುದು ಪ್ರೊಪೊಸಿಷನ್ 13ರ ಮೌಲ್ಯದ ಮೇಲೆಯೇ. 1976ರಲ್ಲಿ 80 ಸಾವಿರಕ್ಕೆ ಕೊಂಡ ಮನೆಯ ಲೆಕ್ಕ ಇಂದು ಸುಮಾರು 2 ಲಕ್ಷ ಅನ್ನಿ. ಪಕ್ಕದ ಅಂಥದೇ ಮನೆಯನ್ನು ಮೊನ್ನೆ 15 ಲಕ್ಷಕ್ಕೆ ಕೊಂಡವರು ಅದೇ ಶಾಲೆಗೆ ಏಳು ಪಟ್ಟು ಕಟ್ಟುತ್ತಾರೆ. ಅವರು ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿದ್ದರೆ ಬಾಂಡ್ ಬೇಕೋ ಬೇಡವೋ ಎಂದು ಓಟು ಹಾಕುವ ಹಕ್ಕೂ ಇಲ್ಲ. ನಮ್ಮವರಲ್ಲಿ ಇಂಥವರು ಕಡಿಮೆಯೇನಲ್ಲ, ಅಲ್ವಾ?

ಊರೂರಿನ ನಡುವೆಯೂ ಇದೇ ತಾರತಮ್ಯ. ದುಬಾರಿ ಮನೆಗಳಿರುವ ಕಡೆ ಸಣ್ಣ ದರಕ್ಕೂ ರಾಶಿ ದುಡ್ಡು ಬರುತ್ತದೆ. ಬಡ ಊರಿನಲ್ಲಿ ಮಿತಿಯ ತನಕ ಹಾಕಿದರೂ ಸಾಲದು. ರಾಜ್ಯವೂ ತನ್ನದೇ ಬಾಂಡ್ ಎತ್ತಿ ಪಾಲು ಕೊಡುತ್ತದೆ. 2020ರ ಮಾರ್ಚ್‌ನಲ್ಲಿ 1500 ಕೋಟಿ ಡಾಲರ್‌ನ ಅಂಥ ಬಾಂಡ್ ಸೋತಿತು. ವಿಚಿತ್ರವೆಂದರೆ ಅದಕ್ಕೂ ಸಿಕ್ಕಿದ ನಂಬರ್ 13. ಹಳೆಯ ಪ್ರೊಪೊಸಿಷನ್ 13ನ್ನೇ ಮುಟ್ಟುತ್ತಾರೇನೋ ಎಂಬ ಗೊಂದಲ ಕೆಲವರಿಗೆ.

2024ರ ನವೆಂಬರ್‌ನಲ್ಲಿ 1000 ಕೋಟಿಯ ಪ್ರೊಪೊಸಿಷನ್ 2 ಗೆದ್ದಿತು. ಹಳೆ ಕಟ್ಟಡದ ನವೀಕರಣಕ್ಕೆ ರಾಜ್ಯ ಶೇ 60 ಕೊಡುತ್ತದೆ, ಬಡ ಡಿಸ್ಟ್ರಿಕ್ಟ್‌ಗಳಿಗೆ ಶೇ 65ರವರೆಗೆ. ಉಳಿದ ಶೇ 35ನ್ನು ಹೊಂದಿಸಲು ಹೆಚ್ಚಿನ ಬಡ ಊರುಗಳು ಮತ್ತೆ ತಮ್ಮ ಅಗ್ಗದ ಮನೆಗಳ ಮೇಲೆಯೇ ಬಾಂಡ್ ಎತ್ತಬೇಕು.