ಹೂಂ ಅನ್ನುವವರು ಬೇಕು

ಅಜ್ಜಿ ಕತೆ ಹೇಳುವಾಗ ನಮಗಿದ್ದದ್ದು ಒಂದೇ ಕೆಲಸ. ಹೂಂ ಅನ್ನುವುದು. ಕರೆಂಟು ಹೋಗಿ ಮುಖವೂ ಕಾಣದ ಕತ್ತಲು. ನಮ್ಮ ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. “ಏನ್ರೋ, ಮಲಗಿಬಿಟ್ರಾ?” ನಿದ್ದೆ ಬಂತೋ ಇಲ್ಲವೋ ನೋಡಲು ಅಜ್ಜಿ ಮಾಡಿಕೊಂಡ ಉಪಾಯ ಇದು ಅಂದುಕೊಂಡಿದ್ದೆ. ಅಷ್ಟೇ ಅಲ್ಲ.

ಕೆನಡಾದ ಮನೋವಿಜ್ಞಾನಿ ಜಾನೆಟ್ ಬಾವೆಲಾಸ್ ಮತ್ತು ಸಂಗಡಿಗರು 2000ದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬರು ತಾವು ಅಪಾಯದಿಂದ ಸ್ವಲ್ಪದರಲ್ಲಿ ಪಾರಾದ ಕತೆ ಹೇಳಬೇಕು, ಎದುರಿಗಿದ್ದವರು ಕೇಳಬೇಕು. ಕೆಲವು ಕೇಳುಗರಿಗೆ ಮಾತ್ರ ಇನ್ನೊಂದು ಕೆಲಸ: ಇಂಗ್ಲಿಷಿನ ‘ಟಿ’ ಅಕ್ಷರದಿಂದ ಶುರುವಾಗುವ ಪದಗಳನ್ನು ಎಣಿಸುವುದು. ಪಾಪ, ಅವರೂ ಕಿವಿಗೊಟ್ಟೇ ಕೂತಿದ್ದರು, ಕತೆಗಲ್ಲ ಅಷ್ಟೇ. ಕೆಟ್ಟಿದ್ದು ಹೇಳುವವರ ಕತೆ! ಅದೂ ಮೈ ಜುಮ್ಮೆನ್ನಬೇಕಾದ ಕೊನೆಯಲ್ಲಿ. ತಡವರಿಸಿದರು, ಹೇಳಿದ್ದನ್ನೇ ಮತ್ತೆ ಹೇಳಿದರು, ಅದು ಯಾಕೆ ಅಪಾಯ ಅಂತ ಬಿಡಿಸಿ ಹೇಳಲು ಹೋದರು. ಸರಿಯಾದ ಹೊತ್ತಿಗೆ “ಅಯ್ಯೋ!” ಅನ್ನುವವರು ಇಲ್ಲದಿದ್ದರೆ ಕತೆಗಾರನ ಕೈ ಕಟ್ಟಿದ ಹಾಗೆ.

ಈ ‘ಸರಿಯಾದ ಹೊತ್ತು’ ಎಷ್ಟು ಸಣ್ಣದು ಗೊತ್ತಾ? 2009ರಲ್ಲಿ ಸಂಶೋಧಕರು 10 ಭಾಷೆಗಳಲ್ಲಿ, ಹೌದು-ಇಲ್ಲ ಅಂತ ಉತ್ತರಿಸುವ ಪ್ರಶ್ನೆಗಳನ್ನು ಅಳೆದು ನೋಡಿದರು. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೇ ಒಂದು ಪಾಲು. ಆದರೆ ಒಂದು ಚಿತ್ರ ನೋಡಿ ಅದರ ಹೆಸರು ಬಾಯಿಗೆ ಬರಲು ಸುಮಾರು 600 ಬೇಕು. ಲೆಕ್ಕ ತಾಳೆಯಾಗುವುದಿಲ್ಲ, ಅಲ್ವಾ? ಎದುರಿನವರ ಮಾತು ಎಲ್ಲಿ ಮುಗಿಯುತ್ತದೆ ಅಂತ ಊಹಿಸಿ, ಉತ್ತರವನ್ನು ಮೊದಲೇ ಸಿದ್ಧ ಮಾಡಿಕೊಂಡಿರುತ್ತೇವೆ. ಕ್ರಿಯಾಪದ ಕೊನೆಗೆ ಬರುವ ಕನ್ನಡದಲ್ಲೂ “ಊಟ...” ಅನ್ನುವಷ್ಟರಲ್ಲಿ “ಆಯ್ತು” ಅಂದಿರುತ್ತೇವೆ. ಆ 10 ಭಾಷೆಗಳಲ್ಲಿ ಎಲ್ಲಕ್ಕಿಂತ ಚುರುಕಾಗಿದ್ದ ಜಪಾನಿಯೂ ನಮ್ಮ ಹಾಗೆ ಕ್ರಿಯಾಪದವನ್ನು ಕೊನೆಗಿಡುವ ಭಾಷೆಯೇ.

ಈಗ ಅಕ್ಕ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಮಗನಿಗೆ ವಿಡಿಯೋ ಕಾಲ್ ಮಾಡುತ್ತಾಳೆ. ಸುಮಾರು 14,000 ಕಿಲೋಮೀಟರ್. ಅವರ ಮಾತು ಅಷ್ಟು ದೂರ ಹೋಗುವುದು ಕೇಬಲ್ಲಿನೊಳಗಿನ ಗಾಜಿನ ಎಳೆಯಲ್ಲಿ, ಬೆಳಕಾಗಿ. ಆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನೇರ ದಾರಿ ಇದ್ದರೂ ಹೋಗಿಬರಲು 140 ಮಿಲಿಸೆಕೆಂಡು ಬೇಕೇ ಬೇಕು. ಕೇಬಲ್ಲಿನ ಸುತ್ತುದಾರಿ, ಚಿತ್ರವನ್ನು ಕುಗ್ಗಿಸಿ ಬಿಡಿಸುವ ಕೆಲಸ ಬೇರೆ. ಅವನ ಹೂಂ ಬಂದು ಅವಳ ಮುಂದಿನ ಮಾತಿನ ಮೇಲೆ ಬೀಳುತ್ತದೆ. ಇಬ್ಬರೂ ನಿಲ್ಲುತ್ತಾರೆ. “ನೀನ್ ಹೇಳಮ್ಮ.” “ಇಲ್ಲ, ನೀನೇ ಹೇಳು.”

ಅಕ್ಕ ಇದನ್ನು ಕೇಬಲ್ಲಿನ ಲೆಕ್ಕಕ್ಕೆ ಹಾಕುವುದಿಲ್ಲ. “ಅವನಿಗೆ ನನ್ನ ಮಾತು ಬೇಜಾರು” ಅನ್ನುತ್ತಾಳೆ. ಅವಳೊಬ್ಬಳೇ ಅಲ್ಲ. ಜರ್ಮನಿಯ ಸಂಶೋಧಕರು 2014ರಲ್ಲಿ ಕಂಡದ್ದೂ ಇದನ್ನೇ: ಫೋನಿನ ಲೈನು ತಡವಾದರೆ ಜನ ಎದುರಿನವರಿಗೇ ಗಮನವಿಲ್ಲ ಅಂದುಕೊಳ್ಳುತ್ತಾರೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಈಗ ಅವನು ಬಾಯಿ ಬಿಡದೆ, ಕ್ಯಾಮೆರಾಗೆ ಕಾಣುವಂತೆ ಜೋರಾಗಿ ತಲೆಯಾಡಿಸುತ್ತಾನೆ. ಮೊನ್ನೆ ಅಕ್ಕ ನಡುವೆಯೇ ನಿಲ್ಲಿಸಿದಳು. “ಏನೋ ಇದು, ಕೋಲೆಬಸವನ ಹಾಗೆ?” ಅವನು ಅದಕ್ಕೂ ತಲೆಯಾಡಿಸಿದ. ಪಕ್ಕದ ಮನೆಯ ಮದುವೆಯ ಕತೆ ಇನ್ನೂ ಅರ್ಧ ಗಂಟೆ ನಡೆಯಿತು.